ಬಯಲುಸೀಮೆಯ ಜರಿಗಿಡಗಳ ಜಲಾವಲಂಬನೆ: ಕೊರವಂಗಲದ ಪರಿಸರವನ್ನು ಕುರಿತ ಒಂದು ವಿಚಾರ

ಹಾಸನ ಜಿಲ್ಲೆಯ ಜರಿಗಿಡಗಳನ್ನು ಕುರಿತು ವಿಚಾರಮಾಡುವವರು ಸಾಮಾನ್ಯವಾಗಿ ಸಕಲೇಶಪುರದಾಚೆಯ ಬಿಸಿಲೆಯ ಕಾಡನ್ನೇ ನೆನೆಯುತ್ತಾರೆ. ವರ್ಷಕ್ಕೆ 2000 ಮಿಲಿಮೀಟರನ್ನು ಮೀರಿ ಮಳೆಯಾಗುವ ಆ ನಿತ್ಯಹರಿದ್ವರ್ಣ ಪ್ರದೇಶದಲ್ಲಿ ಮರದೆತ್ತರ ಬೆಳೆಯುವ ಸಯಾಥಿಯದಂತಹ ಜರಿಗಳಿರುವುದು ಆಶ್ಚರ್ಯವಲ್ಲ. ಆದರೆ ಎರಡನೆಯ ವೀರಬಲ್ಲಾಳನ ಪಟ್ಟಾಭಿಷೇಕದ ಸ್ಮರಣಾರ್ಥವಾಗಿ 1173ರಲ್ಲಿ ಬೂಚಿರಾಜನು ಬೂಚೇಶ್ವರ ದೇವಾಲಯವನ್ನು ಕಟ್ಟಿಸಿದ ಕೊರವಂಗಲದಿಂದ ಮೊದಲ್ಗೊಂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳತ್ತ ಸಾಗಿದಂತೆ ಮಳೆ ಕ್ಷೀಣಿಸುತ್ತ, ಕೆರೆಯೂ ಬಂಡೆಯೂ ಹೊಲವೂ ಕೂಡಿದ ಬಯಲುಸೀಮೆ ತೆರೆದುಕೊಳ್ಳುತ್ತದೆ. ಇಲ್ಲಿಯೂ ಜರಿಗಿಡಗಳು ಬಾಳುತ್ತವೆ. ಅವು ಬಾಳುವ ಬಗೆಯು ಮಲೆನಾಡಿನ ಸಮೃದ್ಧಿಗಿಂತ ಹೆಚ್ಚು ಬೋಧಪ್ರದವಾದುದೆಂಬುದು ಈ ಲೇಖನದ ಪ್ರತಿಪಾದನೆ.

ಬೀಜವಿಲ್ಲದ ನಾಳೀಯ ಸಸ್ಯಗಳು ಜಗತ್ತಿನಲ್ಲಿ ಸುಮಾರು 12,000 ಜಾತಿಗಳಷ್ಟಿವೆ. ಇವುಗಳ ಬಾಳು ಎರಡು ಪೀಳಿಗೆಗಳಲ್ಲಿ ಸರದಿಯಾಗಿ ಸಾಗುತ್ತದೆಂಬ ತತ್ತ್ವವನ್ನು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ 1851ರಲ್ಲಿ ಸ್ಥಾಪಿಸಿದನು. ನಾವು ಕಾಣುವ ಜರಿಗಿಡದ ಎಲೆಯ ಹಿಂಬದಿಯಲ್ಲಿರುವ ಕಂದು ಮಚ್ಚೆಗಳಿಂದ ಬೀಜಾಣುಗಳು ಉದುರುತ್ತವೆ. ಅವು ಮೊಳೆತಾಗ ಹುಟ್ಟುವುದು ಮತ್ತೊಂದು ಜರಿಗಿಡವಲ್ಲ, ಕೆಲವೇ ಮಿಲಿಮೀಟರು ಅಗಲದ, ಬಹುಮಟ್ಟಿಗೆ ಹೃದಯಾಕಾರದ, ನಾಳಗಳಿಲ್ಲದ ಪ್ರೋಥ್ಯಾಲಸ್ ಎಂಬ ಹಸಿರು ಹಾಳೆ. ಅದರ ಅಡಿಯಲ್ಲಿ ಜನಿಸುವ ಗಂಡಾಣುಗಳು ನೀರಿನಲ್ಲಿ ಈಜಿಯೇ ಅಂಡವನ್ನು ಸೇರಬೇಕು. ಆದುದರಿಂದ ಒಂದು ಜಾತಿಯ ಜರಿಯು ಎಲ್ಲಿ ನೆಲೆಗೊಳ್ಳಬಲ್ಲುದೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ನಮ್ಮ ಕಣ್ಣಿಗೆ ಬೀಳದ ಈ ಪುಟ್ಟ ಸಸ್ಯವೇ; ಅದು ಬೇಡುವುದು ವರ್ಷವಿಡೀ ಮಳೆಯನ್ನಲ್ಲ, ತಕ್ಕ ಕಾಲದಲ್ಲಿ ಒಂದು ತೆಳುಪೊರೆಯಷ್ಟು ನೀರನ್ನು.

ಬಯಲುಸೀಮೆಯ ಸಸ್ಯಗಳು ಈ ಬೇಡಿಕೆಯನ್ನು ಬೇರೆಬೇರೆ ಬಗೆಯಲ್ಲಿ ಪೂರೈಸಿಕೊಂಡಿವೆ. ಬಂಡೆಗಳ ಬಿರುಕುಗಳಲ್ಲಿಯೂ ಹಳೆಯ ಕಲ್ಲುಗೋಡೆಗಳ ಸಂದುಗಳಲ್ಲಿಯೂ ಬೆಳೆಯುವ ಮಯೂರಶಿಖೆಯು, ಅಂದರೆ ಆಕ್ಟಿನಿಯಾಪ್ಟೆರಿಸ್ ರೇಡಿಯೇಟವು, ಬೇಸಗೆಯಲ್ಲಿ ಬೀಸಣಿಗೆಯಾಕಾರದ ತನ್ನ ಎಲೆಗಳನ್ನು ಮುದುರಿ ಒಣಗಿ, ಸತ್ತಂತೆ ತೋರಿ, ಮಳೆ ಬಿದ್ದೊಡನೆ ಮತ್ತೆ ಹಸುರಾಗುತ್ತದೆ. ಇಂತಹ ಒಣನೆಲದ ಚೈಲಾಂತಿಸ್ ಬಳಗದ ಅನೇಕ ಜಾತಿಗಳು ಇನ್ನೂ ಒಂದು ಹೆಜ್ಜೆ ಮುಂದುವರಿದು, ಗರ್ಭಾಂಕುರವನ್ನು ನಿಷೇಚನವಿಲ್ಲದೆ ಪ್ರೋಥ್ಯಾಲಸ್ಸಿನ ಜೀವಕೋಶಗಳಿಂದಲೇ ನೇರವಾಗಿ ಪಡೆಯುತ್ತವೆ; ಅಲ್ಲಿ ಗಂಡಾಣು ಈಜಬೇಕಾದ ಅಗತ್ಯವೇ ಇಲ್ಲ.

ಕೆರೆಯಂಗಳದಲ್ಲಿಯೂ ಗದ್ದೆಯ ಬದುಗಳಲ್ಲಿಯೂ ಕಾಣುವ, ಒಂದೇ ತೊಟ್ಟಿನ ತುದಿಯಲ್ಲಿ ನಾಲ್ಕು ಕಿರುಎಲೆಗಳನ್ನು ಹೊತ್ತ ಮಾರ್ಸೀಲಿಯದ ಉಪಾಯವು ಇದಕ್ಕಿಂತಲೂ ವಿಲಕ್ಷಣವಾದುದು. ಕೆರೆಯ ನೀರು ಇಳಿದಾಗ ಅದರ ತೊಟ್ಟುಗಳ ಬುಡದಲ್ಲಿ ಅವರೆಕಾಳಿನಾಕಾರದ, ಕಲ್ಲಿನಂತೆ ಗಟ್ಟಿಯಾದ ಬೀಜಾಣುಕೋಶಗಳು ಮೂಡುತ್ತವೆ. ಒಣಗಿದ ಕೆಸರಿನಲ್ಲಿ ಇವು ಬಹುವರ್ಷ ಜೀವಂತವಾಗಿ ಉಳಿಯಬಲ್ಲವು. ಒಂದು ಕೋಶದ ಸಿಪ್ಪೆಯನ್ನು ಚಾಕುವಿನಿಂದ ಸ್ವಲ್ಪ ಕೆತ್ತಿ ಬಟ್ಟಲಿನ ನೀರಿನಲ್ಲಿಟ್ಟರೆ, ಅದು ಎರಡು ಹೋಳಾಗಿ ಬಿರಿದು, ಒಳಗಿನಿಂದ ಪಾರದರ್ಶಕವಾದ ಲೋಳೆಯ ಎಳೆಯೊಂದು ಉಬ್ಬಿ ಹೊರಬಂದು, ತನಗೆ ಅಂಟಿಕೊಂಡ ಬೀಜಾಣುಚೀಲಗಳನ್ನು ಸಾಲಾಗಿ ಎಳೆದುತರುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಚೀಲಗಳಲ್ಲಿ ದೊಡ್ಡ ಸ್ತ್ರೀಬೀಜಾಣುಗಳೂ ಸಣ್ಣ ಪುರುಷಬೀಜಾಣುಗಳೂ ಇರುತ್ತವೆ. ನಿಷೇಚನವೆಲ್ಲ ಒಂದೆರಡು ದಿನಗಳೊಳಗೆ ಮುಗಿಯುತ್ತದೆ. ಬೇರೆ ಜರಿಗಳು ವಾರಗಟ್ಟಲೆ ನಡೆಸುವ ವ್ಯವಹಾರವನ್ನು ಇದು ಒಂದು ಮಳೆಯ ಅವಧಿಗೆ ಅಡಕಮಾಡಿಕೊಂಡಿದೆ. ಇಂತಹ ದ್ವಿವಿಧ ಬೀಜಾಣುಗಳು ಗದ್ದೆಗೆ ಗೊಬ್ಬರವಾಗಿಯೂ ದನಗಳಿಗೆ ಮೇವಾಗಿಯೂ ಒದಗುವ ಅಜೋಲದಲ್ಲಿಯೂ, ಮಳೆಗಾಲದ ಹೊಂಡಗಳಲ್ಲಿ ಬೆಳೆಯುವ, ಜರಿಗಳ ವಂಶದಿಂದ ಬಹು ಪೂರ್ವದಲ್ಲಿಯೇ ಕವಲೊಡೆದ ಐಸೊಯಿಟಿಸಿನಲ್ಲಿಯೂ ಉಂಟು.

ಮೂರನೆಯ ಬಗೆಯ ನೆಲೆಯು ಮನುಷ್ಯನೇ ನಿರ್ಮಿಸಿದುದು. ಗಾರೆಯ ಸುಣ್ಣವನ್ನು ಬಯಸುವ ಟೆರಿಸ್ ವಿಟ್ಟೇಟವೂ ಹಂಸಪದಿಯ ಬಳಗದ ಅಡಿಯಾಂಟಮ್‌ಗಳೂ ಬಯಲುಸೀಮೆಯ ಹಳೆಯ ಬಾವಿಗಳ ಒಳಗೋಡೆಗಳಲ್ಲಿ ನೆರಳನ್ನೂ ಒಸರುವ ನೀರನ್ನೂ ಪಡೆದು, ಸುತ್ತಲಿನ ಹೊಲಗಳು ಬಿಸಿಲಿಗೆ ಒಣಗಿರುವಾಗಲೂ ಹಸುರಾಗಿರುತ್ತವೆ.

ಆದುದರಿಂದ ಬಯಲುಸೀಮೆಯ ಜರಿಗಿಡಗಳನ್ನು ಮಲೆನಾಡಿನಿಂದ ಚದುರಿಬಂದ ಅವಶೇಷಗಳೆಂದು ಎಣಿಸುವುದು ಯುಕ್ತವಲ್ಲ. ನೀರಿನ ಅಭಾವಕ್ಕೆ ತಮ್ಮದೇ ಆದ ಪರಿಹಾರವನ್ನು ಸಾಧಿಸಿಕೊಂಡ ಸ್ವತಂತ್ರ ಸಮುದಾಯವದು. ಸಲ್ಡಾನ ಮತ್ತು ನಿಕಲ್ಸನ್ ಅವರು 1976ರಲ್ಲಿ ಸಂಪಾದಿಸಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯವರ್ಣನ ಗ್ರಂಥವು ಈ ನಾಡಿನ ಸಸ್ಯಾಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿದೆ. ಬಾವಿಗಳು ಮುಚ್ಚಿಹೋಗುತ್ತಿರುವ, ಕೆರೆಯ ಹೂಳಿನೊಡನೆ ಬೀಜಾಣುಕೋಶಗಳೂ ಸಾಗಿಹೋಗುತ್ತಿರುವ ಈ ಕಾಲದಲ್ಲಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳ ಸಸ್ಯಶಾಸ್ತ್ರದ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಕೆರೆ, ಬಾವಿ, ಬಂಡೆಗಳ ಜರಿಗಳನ್ನು ಸ್ಥಳ ಮತ್ತು ದಿನಾಂಕಗಳೊಡನೆ ಸಂಗ್ರಹಿಸಿಡಬೇಕು. ಕೆರೆಯ ಹೂಳೆತ್ತುವವರು ಅಂಚಿನ ಒಂದು ಪಟ್ಟಿಯನ್ನಾದರೂ ಮುಟ್ಟದೆ ಬಿಡಬೇಕು.