ದಾವೆಯಲ್ಲಿರುವ ಭೂಮಿ

ಭೂಮಿಯನ್ನಾಗಲಿ ಮನೆಯನ್ನಾಗಲಿ ಕ್ರಯಕ್ಕೆ ಕೊಳ್ಳಬೇಕೆಂದಿರುವ ಗೃಹಸ್ಥನು ಮೂಲಪತ್ರಗಳನ್ನು ಪರಿಶೀಲಿಸುತ್ತಾನೆ, ಸಬ್‌ರಿಜಿಸ್ಟ್ರಾರರ ಕಚೇರಿಯಿಂದ ಋಣಭಾರದ ಸರ್ಟಿಫಿಕೇಟನ್ನು ತರಿಸುತ್ತಾನೆ, ನೆರೆಹೊರೆಯವರನ್ನು ಕೇಳುತ್ತಾನೆ. ಇಷ್ಟಾದರೂ ಆ ಸ್ವತ್ತಿನ ಮೇಲೆ ನ್ಯಾಯಸ್ಥಾನದಲ್ಲಿ ದಾವೆಯೊಂದು ನಡೆಯುತ್ತಿರುವ ಸಂಗತಿಯು ಅವನಿಗೆ ತಿಳಿಯದೆ ಹೋಗಬಹುದು. ಆ ಸರ್ಟಿಫಿಕೇಟು ನೋಂದಣಿಯಾದ ಪತ್ರಗಳನ್ನು ಹೇಳುವುದೇ ಹೊರತು ಕೋರ್ಟಿನಲ್ಲಿ ಸಲ್ಲಿಸಿದ ಫಿರ್ಯಾದುಗಳನ್ನು ಹೇಳುವುದಿಲ್ಲ. ಹೀಗೆ ಅರಿಯದೆ ಕೊಂಡವನ ಗತಿಯೇನು, ಅರಿಯುವ ಮಾರ್ಗವು ಹೇಗೆ ಬೆಳೆದುಬಂದಿತು ಎಂಬುದು ಪ್ರಕೃತ ವಿಚಾರ.

ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರವನ್ನು ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ಚತುಷ್ಪಾದವಾಗಿ ವಿಭಾಗಿಸಿದ್ದಾರೆ. ಅರ್ಥಿಯು ನಿವೇದಿಸಿದುದನ್ನು ಪ್ರತ್ಯರ್ಥಿಯ ಎದುರಿನಲ್ಲಿಯೇ ಬರೆಯತಕ್ಕದ್ದೆಂದೂ, ಅದರಲ್ಲಿ ವರ್ಷ, ಮಾಸ, ಪಕ್ಷ, ದಿನ, ನಾಮ, ಜಾತಿ ಮೊದಲಾದವು ಇರತಕ್ಕದ್ದೆಂದೂ ಯಾಜ್ಞವಲ್ಕ್ಯನ ವಿಧಿ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೆಂಬುದನ್ನು ವಾಚಕರು ಬಲ್ಲರು. ಆಧಿ, ಪ್ರತಿಗ್ರಹ, ಕ್ರಯ ಇವುಗಳಲ್ಲಿ ಮೊದಲು ನಡೆದುದೇ ಬಲವತ್ತರವೆಂದೂ ಅದೇ ಸ್ಮೃತಿಯು ಹೇಳುತ್ತದೆ. ವಿವಾದವು ಸಭ್ಯರ ಮುಂದೆ, ಸಭೆಯಲ್ಲಿ ನಡೆಯುತ್ತಿದ್ದುದರಿಂದ ಅದನ್ನು ಅರಿಯಲು ಬೇರೊಂದು ಪುಸ್ತಕವನ್ನು ಹುಡುಕಬೇಕಾದ ಅವಶ್ಯಕತೆಯು ಅಂದಿನವರಿಗೆ ಅಷ್ಟಾಗಿ ತೋರಿರಲಾರದು.

ಈಗ ನಮ್ಮನ್ನು ಬಂಧಿಸಿರುವುದು 1882ರ ಸ್ವತ್ತು ವರ್ಗಾವಣೆಯ ಶಾಸನದ 52ನೆಯ ಪ್ರಕರಣ. ಸ್ಥಿರಸ್ವತ್ತಿನ ಹಕ್ಕು ನೇರವಾಗಿ ವಿವಾದಕ್ಕೆ ಬಂದಿರುವ ದಾವೆಯು ನಡೆಯುತ್ತಿರುವಾಗ ಪಕ್ಷಗಾರನು ಅದನ್ನು ಮಾರಿದರೆ, ಆ ಮಾರಾಟವು ಎದುರು ಪಕ್ಷದವನಿಗೆ ಡಿಕ್ರಿಯಿಂದ ದೊರೆಯುವ ಹಕ್ಕನ್ನು ಕೆಡಿಸಲಾರದು. ಕೊಂಡವನಿಗೆ ದಾವೆಯು ತಿಳಿದಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಇಂಗ್ಲೆಂಡಿನಲ್ಲಿ 1857ರಲ್ಲಿ ತೀರ್ಮಾನವಾದ ಬೆಲ್ಲಮಿ–ಸಬೈನ್ ವ್ಯಾಜ್ಯದಲ್ಲಿ ನ್ಯಾಯಾಧೀಶ ಟರ್ನರನು, ಈ ನಿಯಮಕ್ಕೆ ಆಧಾರವು ಕೊಂಡವನ ತಿಳಿವಳಿಕೆಯಲ್ಲ, ಹೀಗಲ್ಲದಿದ್ದರೆ ವ್ಯಾಜ್ಯಗಳಿಗೆ ಕೊನೆಯೇ ಇರದೆಂಬುದೇ ಎಂದು ವಿವರಿಸಿದನು. ಯುಕ್ತಿಯೇನೋ ಸರಿಯೆ. ಆದರೆ ಆ ದೇಶದಲ್ಲಿ 1839ರಷ್ಟು ಹಿಂದೆಯೇ, ದಾವೆಯನ್ನು ನೋಂದಣಿ ಮಾಡಿಸದಿದ್ದರೆ ತಿಳಿಯದೆ ಕೊಂಡವನನ್ನು ಅದು ಬಂಧಿಸದೆಂದು ಶಾಸನವಾಗಿದ್ದಿತು! ನಮ್ಮ 1882ರ ಶಾಸನವು ಬಂಧನವನ್ನು ತಂದಿತು, ರಕ್ಷೆಯನ್ನು ಅಲ್ಲಿಯೇ ಬಿಟ್ಟಿತು. ಸಾಲದುದಕ್ಕೆ 1929ರ ತಿದ್ದುಪಡಿಯು ಫಿರ್ಯಾದನ್ನು ಸಲ್ಲಿಸಿದ ಕ್ಷಣದಿಂದಲೇ ದಾವೆಯು ಆರಂಭವಾಯಿತೆಂದು ಎಣಿಸಿತು; ಪ್ರತಿವಾದಿಗೆ ಸಮನ್ಸು ಮುಟ್ಟಬೇಕೆಂಬುದೂ ಇಲ್ಲ. ಮುಂಬಯಿ ಪ್ರಾಂತದವರು ಮಾತ್ರ 1939ರಲ್ಲಿ, ದಾವೆಯ ಸೂಚನೆಯನ್ನು ನೋಂದಣಿ ಮಾಡಿಸಿದ್ದರೆ ಮಾತ್ರ ಈ ನಿಯಮವು ಅನ್ವಯಿಸುವಂತೆ ತಿದ್ದಿಕೊಂಡರು. ಇಂತಹ ಏರ್ಪಾಡು ದೇಶಕ್ಕೆಲ್ಲ ಬೇಕೆಂದು ಸುಪ್ರೀಂ ಕೋರ್ಟು 2010ರ ತೀರ್ಪೊಂದರಲ್ಲಿ ಸೂಚಿಸಿತು.

ದಾವೆಯ ವಿಷಯವು ಗುಟ್ಟಾಗಿದೆಯೆಂದು ಇದರಿಂದ ಭಾವಿಸಲಾಗದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಪ್ರತಿಯೊಂದು ದಾವೆಯ ವಿವರವನ್ನೂ ರಿಜಿಸ್ಟರಿನಲ್ಲಿ ದಾಖಲುಮಾಡಿ, ಅಂಗೀಕಾರವಾದ ಕ್ರಮದಲ್ಲಿ ವರ್ಷವರ್ಷಕ್ಕೂ ನಂಬರನ್ನು ಕೊಡತಕ್ಕದ್ದು. ಆದರೆ ನಂಬರನ್ನು ಬಲ್ಲವನಿಗೆ ರಿಜಿಸ್ಟರು ಸುಲಭ. ಅರಿಯದವನಿಗೆ ಅದು ಸೂಚಿಯಿಲ್ಲದ ಓಲೆಗರಿಯ ಕಟ್ಟು. ಈಗ ಇ–ಕೋರ್ಟ್ಸ್ ಯೋಜನೆಯಿಂದ ಈ ಕಷ್ಟವು ಬಹುಮಟ್ಟಿಗೆ ನೀಗಿದೆ. ಪ್ರತಿ ಮೊಕದ್ದಮೆಗೂ ಹದಿನಾರು ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆಯುಂಟು, ಅದು ತಿಳಿಯದಿದ್ದರೆ ಪಕ್ಷಗಾರನ ಹೆಸರನ್ನೂ ವರ್ಷವನ್ನೂ ಕೊಟ್ಟು ಹುಡುಕಬಹುದು. ಮುಂದಿನ ವಾಯಿದೆ, ಹಿಂದಿನ ಆಜ್ಞೆಗಳು ಮನೆಯಲ್ಲಿಯೇ ಕಾಣುತ್ತವೆ. ಫಿರ್ಯಾದಿನ ನಕಲು ಬೇಕಾದ ಹೊರಗಿನವನು ಕೋರ್ಟಿನ ನಿಯಮಗಳಂತೆ ಕಾರಣವನ್ನು ತಿಳಿಸಿ ಅರ್ಜಿ ಹಾಕಬೇಕು. ಅಂತಹ ನಿಯಮಗಳಿರುವಲ್ಲಿ ಮಾಹಿತಿ ಹಕ್ಕಿನ ಶಾಸನದ ಮಾರ್ಗವು ಸಲ್ಲದೆಂದು ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ 2020ರಲ್ಲಿ ತೀರ್ಪಾಗಿದೆ.

ಒಂದು ತೊಡಕು ಉಳಿದಿದೆ. ಈ ಶೋಧನೆಯು ಮನುಷ್ಯರ ಹೆಸರನ್ನು ಹಿಡಿದು ನಡೆಯುವುದಲ್ಲದೆ ಭೂಮಿಯ ಸರ್ವೆ ನಂಬರನ್ನು ಹಿಡಿದಲ್ಲ. ಮಾರುವವನ ಹೆಸರು ಒಂದು ಪತ್ರದಲ್ಲಿ ಇನಿಷಿಯಲಿನೊಡನೆ, ಇನ್ನೊಂದರಲ್ಲಿ ಮನೆತನದ ಹೆಸರಿನೊಡನೆ ಇರಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗಲಂತೂ ಕಾಗುಣಿತವು ನಾನಾ ವಿಧ. ಪಾಲಿನ ದಾವೆಯಲ್ಲಿ ಅವನ ತಂದೆಯೋ ಸೋದರಿಯೋ ಮೊದಲನೆಯ ಪಕ್ಷಗಾರರಾಗಿರಬಹುದು. ಆದುದರಿಂದ ಆ ಹೆಸರುಗಳನ್ನೆಲ್ಲ ಬೇರೆಬೇರೆಯಾಗಿ ಬರೆದು ಹುಡುಕಿ, ಸ್ವತ್ತಿರುವ ತಾಲ್ಲೂಕಿನ ಕೋರ್ಟಿನಲ್ಲಿಯೂ ವಕೀಲರ ಮುಖಾಂತರ ವಿಚಾರಿಸಿ, ಕ್ರಯಪತ್ರದ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡುವುದು ಯುಕ್ತ.