ಎಸಿ ರಿಪೇರಿಗೆ ಎಷ್ಟು ಖರ್ಚು? ದುಡ್ಡು ಕೊಡುವ ಮುನ್ನ ಇದನ್ನು ಓದಿ

ರಾಯಚೂರು: ಏಪ್ರಿಲ್, ಮೇ ಬಂತೆಂದರೆ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಸಿಂಧನೂರು, ಮಾನ್ವಿ, ಲಿಂಗಸುಗೂರು, ದೇವದುರ್ಗದ ಪೇಟೆಗಳಲ್ಲಿ ಒಂದು ಕಾಲಕ್ಕೆ ಬ್ಯಾಂಕು, ಬಂಗಾರದ ಅಂಗಡಿಗಳಲ್ಲಷ್ಟೇ ಕಾಣುತ್ತಿದ್ದ ಎಸಿ ಈಗ ಮೊಬೈಲ್ ಅಂಗಡಿ, ಮೆಡಿಕಲ್ ಸ್ಟೋರ್, ಮನೆಯ ಮಲಗುವ ಕೋಣೆಗೂ ಬಂದಿದೆ. ಆದರೆ ಅದು ಕೆಟ್ಟಾಗ ಮಾತ್ರ ಮೆಕ್ಯಾನಿಕ್ ಹೇಳಿದ್ದೇ ರೇಟು. 'ಗ್ಯಾಸ್ ಖಾಲಿ ಆಗ್ಯದ್ರಿ, ತುಂಬಿಸ್ಬೇಕು' ಎಂಬ ಒಂದು ಮಾತಿಗೆ ಮೂರು ಸಾವಿರ ಕೊಟ್ಟು, ಮುಂದಿನ ಬೇಸಿಗೆಗೆ ಮತ್ತೆ ಅದೇ ಮಾತು ಕೇಳಿ ಮತ್ತೆ ಮೂರು ಸಾವಿರ ಕೊಡುವವರು ಬಹಳ ಮಂದಿ. ಯಾವ ಕೆಲಸಕ್ಕೆ ಎಷ್ಟಾಗುತ್ತದೆ, ಎಲ್ಲಿ ಎಚ್ಚರ ಇರಬೇಕು ಎಂಬ ಮಾಹಿತಿ ಇಲ್ಲಿದೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ

ತಂಪು ಕಡಿಮೆಯಾಗಿದೆ ಅಂದ ಕೂಡಲೇ ಯಂತ್ರ ಕೆಟ್ಟಿದೆ ಎಂದು ತಿಳಿಯಬೇಡಿ. ಮೊದಲು ಒಳಗಿನ ಯೂನಿಟ್‌ನ ಜಾಲರಿ (ಫಿಲ್ಟರ್) ತೆಗೆದು ನೋಡಿ. ಧೂಳು ಕಟ್ಟಿಕೊಂಡಿದ್ದರೆ ನಲ್ಲಿ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ರಸ್ತೆ ಪಕ್ಕದ ಅಂಗಡಿ, ರೈಸ್ ಮಿಲ್ ಅಥವಾ ಹತ್ತಿ ಮಿಲ್ ಹತ್ತಿರದ ಮನೆಗಳಲ್ಲಿ ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡಲೇಬೇಕು.

ರಿಮೋಟ್ 'ಫ್ಯಾನ್' ಮೋಡ್‌ನಲ್ಲಿ ಇಲ್ಲವೇ ಎಂದು ನೋಡಿ. ಹೊರಗಿನ ಯೂನಿಟ್ ಮುಂದೆ ರಟ್ಟಿನ ಡಬ್ಬಿ, ಫ್ಲೆಕ್ಸ್ ಬೋರ್ಡ್ ಅಡ್ಡ ಇದ್ದರೆ ಸರಿಸಿ. ಬಿಸಿಗಾಳಿ ಹೊರಹೋಗದಿದ್ದರೆ ಒಳಗೆ ತಂಪಾಗುವುದಿಲ್ಲ. ಒಳಗಿನ ಯೂನಿಟ್‌ನಿಂದ ನೀರು ಸೋರುತ್ತಿದ್ದರೆ ಬಹುಪಾಲು ಡ್ರೈನ್ ಪೈಪ್ ಕಟ್ಟಿಕೊಂಡಿರುತ್ತದೆ. ಅದು ದೊಡ್ಡ ಖರ್ಚಿನ ಕೆಲಸವಲ್ಲ.

ಯಾವ ಕೆಲಸಕ್ಕೆ ಎಷ್ಟು?

ಒಂದೂವರೆ ಟನ್ ಸ್ಪ್ಲಿಟ್ ಎಸಿಗೆ ಕೂಲಿ ಸೇರಿ ಸಾಮಾನ್ಯವಾಗಿ ಆಗುವ ಅಂದಾಜು ಖರ್ಚು ಹೀಗಿದೆ. ಕಂಪನಿ, ಊರು, ಸೀಸನ್ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

- ನೀರು ಹೊಡೆದು ಮಾಡುವ ಜೆಟ್ ಸರ್ವೀಸ್: 500ರಿಂದ 1,000 ರೂ.
- ಕೆಪಾಸಿಟರ್ ಬದಲಾವಣೆ: 400ರಿಂದ 900 ರೂ.
- ಫ್ಯಾನ್ ಮೋಟಾರ್ ಬದಲಾವಣೆ: 1,500ರಿಂದ 3,500 ರೂ.
- ಪೂರ್ತಿ ಗ್ಯಾಸ್ ತುಂಬಿಸುವುದು: 2,500ರಿಂದ 4,000 ರೂ.
- ಪಿಸಿಬಿ ರಿಪೇರಿ: 1,500ರಿಂದ 3,500 ರೂ.
- ಇನ್ವರ್ಟರ್ ಎಸಿಗೆ ಹೊಸ ಪಿಸಿಬಿ: 4,000ರಿಂದ 10,000 ರೂ.
- ಕಂಪ್ರೆಸರ್ ಬದಲಾವಣೆ: 10,000 ರೂ.ಗಿಂತ ಮೇಲೆ

ಕಂಪನಿ ಸರ್ವೀಸ್ ಸೆಂಟರ್‌ನವರು ಬಂದರೆ ನೋಡಿ ಹೋಗಿದ್ದಕ್ಕೂ ವಿಸಿಟಿಂಗ್ ಚಾರ್ಜ್ ಇರುತ್ತದೆ, ಬಿಲ್ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ. ರಿಪೇರಿ ಮಾಡಿಸಿದರೆ ಆ ವಿಸಿಟಿಂಗ್ ಚಾರ್ಜ್ ಬಿಲ್‌ನಲ್ಲಿ ಕಳೆಯುತ್ತಾರಾ ಎಂದು ಫೋನ್‌ನಲ್ಲೇ ಕೇಳಿಕೊಳ್ಳಿ.

ಕೆಪಾಸಿಟರ್ ವಿಷಯ ಗೊತ್ತಿರಲಿ. ಹೊರಗಿನ ಯೂನಿಟ್ 'ಗುಂಯ್' ಅಂತ ಸದ್ದು ಮಾಡಿ ಕಂಪ್ರೆಸರ್ ಸ್ಟಾರ್ಟ್ ಆಗದಿದ್ದರೆ, ಸಾಮಾನ್ಯ (ಇನ್ವರ್ಟರ್ ಅಲ್ಲದ) ಎಸಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಈ ಚಿಕ್ಕ ಸಾಮಾನಿನ ಮೇಲೆ. ಅದನ್ನು ಪರೀಕ್ಷಿಸದೆ 'ಕಂಪ್ರೆಸರ್ ಹೋಗ್ಯದ' ಅಂದರೆ ಒಪ್ಪಬೇಡಿ. ಹಾಗಂತ ನೀವೇ ಬಿಚ್ಚಲು ಹೋಗಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ಗ್ಯಾಸ್ 'ಖಾಲಿ' ಆಗುವುದಿಲ್ಲ, ಸೋರುತ್ತದೆ

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಎಸಿಯ ಗ್ಯಾಸ್ ಸ್ಕೂಟರ್ ಪೆಟ್ರೋಲ್ ಇದ್ದ ಹಾಗೆ ಓಡಿಸಿದಷ್ಟೂ ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಪೈಪ್‌ನೊಳಗೆ ಸುತ್ತುತ್ತಾ ಇರುತ್ತದೆ. ಲೀಕ್ ಇಲ್ಲದಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಲೀಕ್ ಹುಡುಕದೆ ಗ್ಯಾಸ್ ತುಂಬಿಸಿದರೆ ಅದು ತೂತು ಬಿಂದಿಗೆಗೆ ನೀರು ಹಾಕಿದಂತೆ. ಲೆಕ್ಕ ಹಾಕಿ ನೋಡಿ: ಪ್ರತಿ ಬೇಸಿಗೆಗೆ 3,000 ರೂ.ನಂತೆ ಮೂರು ವರ್ಷ ತುಂಬಿಸಿದರೆ 9,000 ರೂ. ಮೊದಲ ಸಲವೇ ಸಾವಿರ, ಸಾವಿರದ ಐನೂರು ಹೆಚ್ಚು ಕೊಟ್ಟು ಲೀಕ್ ಬಂದ್ ಮಾಡಿಸಿದ್ದರೆ ಅರ್ಧದಷ್ಟು ಹಣ ಉಳಿಯುತ್ತಿತ್ತು.

ಸರಿಯಾದ ಕ್ರಮ ಹೀಗಿದೆ. ಮೊದಲು ನೈಟ್ರೋಜನ್ ತುಂಬಿ ಪ್ರೆಷರ್ ನಿಲ್ಲುತ್ತದೋ ಇಲ್ಲವೋ ನೋಡಬೇಕು. ಜಾಯಿಂಟ್‌ಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುವ ಜಾಗ ಪತ್ತೆ ಮಾಡಬೇಕು. ಲೀಕ್ ಬಂದ್ ಮಾಡಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪ್‌ನಲ್ಲಿನ ಗಾಳಿ, ತೇವ ಎಳೆಯಬೇಕು. ಕೊನೆಗೆ ಸಿಲಿಂಡರ್ ತೂಕ ಮಾಡಿ ಗ್ಯಾಸ್ ಹಾಕಬೇಕು. ಎಷ್ಟು ಗ್ಯಾಸ್ ಬೇಕು, ಯಾವ ಗ್ಯಾಸ್ ಬೇಕು ಎಂಬುದು ಹೊರಗಿನ ಯೂನಿಟ್‌ನ ಲೇಬಲ್ ಮೇಲೆ ಪ್ರಿಂಟ್ ಆಗಿರುತ್ತದೆ. ಹತ್ತು ನಿಮಿಷದಲ್ಲಿ ಪೈಪ್ ಹಚ್ಚಿ 'ಆಯ್ತ್ರಿ' ಅಂದರೆ ಈ ಕೆಲಸ ಯಾವುದೂ ಆಗಿಲ್ಲ ಎಂದೇ ತಿಳಿಯಿರಿ.

ಹಳೆಯ ಎಸಿಗಳಲ್ಲಿ ಆರ್-22, ಆಮೇಲೆ ಬಂದವುಗಳಲ್ಲಿ ಆರ್-410ಎ, ಈಗಿನ ಬಹುತೇಕ ಇನ್ವರ್ಟರ್ ಎಸಿಗಳಲ್ಲಿ ಆರ್-32 ಇರುತ್ತದೆ. ಒಂದಕ್ಕೆ ಬದಲು ಇನ್ನೊಂದನ್ನು ತುಂಬಿಸಬಾರದು. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಪೈಪ್‌ನಲ್ಲಿ ಅದು ಇರುವಾಗಲೇ ಬೆಸುಗೆ ಹಾಕಲು ಬಿಡಬೇಡಿ. ಕಿಟಕಿ, ಬಾಗಿಲು ತೆರೆದಿಡಿ.

ಇನ್ನೊಂದು ಮಾತು. ಹೊರಗಿನ ಯೂನಿಟ್ ಅನ್ನು ತೆರೆದ ಚರಂಡಿ ಮೇಲೆ ಕೂರಿಸಬೇಡಿ. ಚರಂಡಿಯ ಗಾಳಿಗೆ ತಾಮ್ರದ ಪೈಪ್ ತಿಂದುಹೋಗಿ ಸಣ್ಣ ಸಣ್ಣ ತೂತು ಬೀಳುತ್ತವೆ.

ಪಿಸಿಬಿ ಸುಡುವುದು ಯಾಕೆ?

ಇನ್ವರ್ಟರ್ ಎಸಿ ಕರೆಂಟ್ ಬಿಲ್ ಉಳಿಸುತ್ತದೆ ನಿಜ, ಆದರೆ ಅದರ ಪಿಸಿಬಿ ನಾಜೂಕು. ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯುವುದು, ಕರೆಂಟ್ ಹೋಗಿ ಒಮ್ಮೆಲೇ ಬರುವುದು ಇದಕ್ಕೆ ಪೆಟ್ಟು. 'ಸ್ಟೆಬಿಲೈಜರ್ ಬೇಡ' ಎಂದು ಕಂಪನಿ ಹೇಳಿದ್ದರೂ ಅದು ಎಷ್ಟು ವೋಲ್ಟ್‌ನಿಂದ ಎಷ್ಟು ವೋಲ್ಟ್‌ವರೆಗೆ ಎಂದು ಕೈಪಿಡಿಯಲ್ಲಿ ಓದಿ. ನಿಮ್ಮ ಓಣಿಯ ವೋಲ್ಟೇಜ್ ಅದಕ್ಕಿಂತ ಕೆಳಗೆ ಬೀಳುತ್ತಿದ್ದರೆ ಸ್ಟೆಬಿಲೈಜರ್ ಹಾಕಿಸುವುದೇ ಲಾಭ. ವೋಲ್ಟೇಜ್ ಸಮಸ್ಯೆ ದಿನಾ ಇದ್ದರೆ ಜೆಸ್ಕಾಂನ 1912ಕ್ಕೆ ದೂರು ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಹೊರಗಿನ ಯೂನಿಟ್‌ಗೆ ಹಲ್ಲಿ ಹೊಕ್ಕು ಪಿಸಿಬಿ ಶಾರ್ಟ್ ಆಗುವುದು, ಇಲಿ ವೈರ್ ಕಡಿಯುವುದು ನಮ್ಮ ಕಡೆ ಹೊಸದಲ್ಲ. ಸರ್ವೀಸ್ ಮಾಡಿಸುವಾಗ ಪೈಪ್ ಹೋಗುವ ಗೋಡೆಯ ತೂತು, ವೈರ್ ಒಳಹೋಗುವ ಸಂದು ಮುಚ್ಚಿಸಿ.

ವಾರಂಟಿ ಕಾರ್ಡ್ ಹುಡುಕಿ

ಹೆಚ್ಚಿನ ಕಂಪನಿಗಳು ಇಡೀ ಎಸಿಗೆ ಒಂದು ವರ್ಷ, ಕಂಪ್ರೆಸರ್‌ಗೆ ಅದಕ್ಕಿಂತ ಬಹಳ ಹೆಚ್ಚು, ಹಲವು ಮಾಡೆಲ್‌ಗಳಿಗೆ ಹತ್ತು ವರ್ಷದವರೆಗೂ ವಾರಂಟಿ ಕೊಡುತ್ತವೆ. ಕೆಲವು ಪಿಸಿಬಿಗೂ ಐದು ವರ್ಷ ಕೊಡುತ್ತವೆ. ಆದರೆ 'ಕಂಪ್ರೆಸರ್ ಫ್ರೀ' ಅಂದರೆ ಎಲ್ಲವೂ ಫ್ರೀ ಅಲ್ಲ. ಮೊದಲ ವರ್ಷ ಮುಗಿದ ಮೇಲೆ ಗ್ಯಾಸ್, ಕೂಲಿ, ಸಾಗಣೆ ಖರ್ಚು ಸಾಮಾನ್ಯವಾಗಿ ಗ್ರಾಹಕರದ್ದೇ. ವಾರಂಟಿ ಇರುವಾಗ ಹೊರಗಿನವರ ಕೈಲಿ ಬಿಚ್ಚಿಸಿದರೆ ಕಂಪನಿಯವರು ತಕರಾರು ತೆಗೆಯಬಹುದು. ಹಾಗಾಗಿ ಬಿಲ್ ಮತ್ತು ಕಾರ್ಡ್‌ನ ಫೋಟೊ ಮೊಬೈಲ್‌ನಲ್ಲಿ ಇರಲಿ.

ರಿಪೇರಿಯೋ, ಹೊಸದೋ?

ಎಸಿಗೆ ಎಂಟು–ಹತ್ತು ವರ್ಷವಾಗಿ, ರಿಪೇರಿ ಖರ್ಚು ಹೊಸದರ ಅರ್ಧದ ಹತ್ತಿರ ಬಂದರೆ ಹೊಸದೇ ವಾಸಿ. ಕೆಟ್ಟಿದ್ದು ಕಂಪ್ರೆಸರ್, ಅದೂ ಆರ್-22 ಗ್ಯಾಸ್‌ನ ಯಂತ್ರವಾದರೆ ಯೋಚಿಸುವುದೇ ಬೇಡ. ಆ ಗ್ಯಾಸ್ ಹಂತ ಹಂತವಾಗಿ ಬಳಕೆಯಿಂದ ಹೋಗುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ ಎಂಬುದೂ ಲೆಕ್ಕದಲ್ಲಿರಲಿ. ಅದೇ ನಾಲ್ಕು ವರ್ಷದ ಎಸಿಯ ಮೋಟಾರ್ ಅಥವಾ ಕೆಪಾಸಿಟರ್ ಹೋಗಿದ್ದರೆ ರಿಪೇರಿ ಮಾಡಿಸುವುದೇ ಸರಿ.

ಬಿಲ್ ಇಲ್ಲದೆ ದುಡ್ಡು ಕೊಡಬೇಡಿ

ಕೆಲಸ ಶುರು ಮಾಡುವ ಮೊದಲೇ ರೇಟು ಹೇಳಿಸಿ, ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಬದಲಾಯಿಸಿದ ಹಳೆಯ ಸಾಮಾನು ವಾಪಸ್ ಕೇಳಿ. ಬಿಲ್‌ನಲ್ಲಿ ಏನು ಹಾಕಿದ್ದಾರೆ, ಎಷ್ಟು ದಿನ ಗ್ಯಾರಂಟಿ ಎಂದು ಬರೆಸಿ. ಗ್ಯಾಸ್ ತುಂಬಿಸಿದ್ದಕ್ಕೆ ಕನಿಷ್ಠ ಒಂದು ತಿಂಗಳ ಗ್ಯಾರಂಟಿ ಕೇಳಿ. ಲೀಕ್ ಸರಿಯಾಗಿ ಬಂದ್ ಮಾಡಿದವರಿಗೆ ಅದನ್ನು ಕೊಡಲು ಹಿಂಜರಿಕೆ ಇರುವುದಿಲ್ಲ.

ಮೋಸವಾಗಿದೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂ. ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಇದಕ್ಕೆಲ್ಲ ಆಧಾರ ಬಿಲ್ಲೇ.

ಕೊನೆಯದಾಗಿ, ಸರ್ವೀಸ್ ಮಾಡಿಸಲು ಏಪ್ರಿಲ್‌ವರೆಗೆ ಕಾಯಬೇಡಿ. ಶಿವರಾತ್ರಿ ಕಳೆದ ಕೂಡಲೇ ಮಾಡಿಸಿದರೆ ಮೆಕ್ಯಾನಿಕ್‌ಗೂ ಪುರುಸೊತ್ತು ಇರುತ್ತದೆ, ಲೀಕ್ ಹುಡುಕಲು ಸಮಯವೂ ಸಿಗುತ್ತದೆ. ಬಿಸಿಲು ಏರಿದ ಮೇಲೆ ಅವರು ದಿನಕ್ಕೆ ಹತ್ತು ಕಡೆ ಓಡಬೇಕು, ನೀವು ಅವರು ಹೇಳಿದ ರೇಟು ಕೊಡಬೇಕು.