ಓಕೆ

ಓಕೆ: ಒಪ್ಪಿಗೆ ಸೂಚಿಸಲು, 'ಸರಿ' ಎನ್ನಲು ಬಳಸುವ ಇಂಗ್ಲಿಷ್ ಪದ. ಹುಟ್ಟಿದ್ದು ಅಮೆರಿಕದಲ್ಲಿ, ಇಂದು ಇಂಗ್ಲಿಷ್ ಬಾರದವರೂ ಸಲೀಸಾಗಿ ಆಡುತ್ತಾರೆ.

ಇದು ಅಚ್ಚಿನಲ್ಲಿ ಮೊದಲು ಕಂಡಿರುವುದು 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ. ಮಾತುಗಳನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು, ಮೊದಲಕ್ಷರಗಳನ್ನಷ್ಟೇ ಅಚ್ಚುಹಾಕುವ ಗೀಳು ಆಗ ಅಲ್ಲಿನ ಪತ್ರಕರ್ತರಿಗೆ ಹಿಡಿದಿತ್ತು. ಎಲ್ಲವೂ ಸರಿಯಾಗಿದೆ ಎನ್ನುವ 'ಆಲ್ ಕರೆಕ್ಟ್' ಮಾತಿನ ಮೊದಲಕ್ಷರಗಳು ಎ ಮತ್ತು ಸಿ. ಅದನ್ನು 'ಓಲ್ ಕೊರೆಕ್ಟ್' ಎಂದು ಕೆಡಿಸಿ ಓ.ಕೆ. ಮಾಡಿದರು. ಎಲ್ಲ ಸರಿ ಎಂದು ಸಾರುವ ಎರಡಕ್ಷರಗಳಲ್ಲಿ ಎರಡೂ ತಪ್ಪು, ತಮಾಷೆಯೇ ಅದು. 'ಆಲ್ ರೈಟ್'ಗೆ ಇದೇ ರೀತಿ ಓ.ಡಬ್ಲ್ಯು. ಎಂಬುದೂ ಇತ್ತು, ಉಳಿಯಲಿಲ್ಲ.

ಓಕೆಯನ್ನು ಉಳಿಸಿದ್ದು 1840ರ ಚುನಾವಣೆ. ಮತ್ತೆ ಸ್ಪರ್ಧಿಸಿದ್ದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಊರಿನವರು. 'ಓಲ್ಡ್ ಕಿಂಡರ್‌ಹುಕ್' ಅವರ ಅಡ್ಡಹೆಸರು. ಬೆಂಬಲಿಗರು 'ಓ.ಕೆ. ಕ್ಲಬ್' ಕಟ್ಟಿಕೊಂಡು ಪ್ರಚಾರಕ್ಕಿಳಿದರು. ಎದುರಾಳಿಗಳು ಸುಮ್ಮನಿರುತ್ತಾರೆಯೇ? ವ್ಯಾನ್ ಬ್ಯೂರನ್ ಪಕ್ಷದವರೇ ಆದ ಹಿಂದಿನ ಅಧ್ಯಕ್ಷ ಆಂಡ್ರೂ ಜಾಕ್ಸನ್‌ಗೆ ಕಾಗುಣಿತ ಬಾರದು, ಕಾಗದಪತ್ರಗಳ ಮೇಲೆ ಓ.ಕೆ. ಎಂದು ಗೀಚುತ್ತಿದ್ದರು ಎಂದು ಕಥೆ ಹುಟ್ಟಿಸಿದರು. ವ್ಯಾನ್ ಬ್ಯೂರನ್ ಸೋಲುವ ಹೊತ್ತಿಗೆ ಪದ ಊರೂರಿಗೆ ಹಬ್ಬಿತ್ತು. ಮುಂದೆ ತಂತಿ ಕಳಿಸುವವರೂ ಸಂದೇಶ ಸರಿಯಾಗಿ ಬಂತು ಎನ್ನಲು ಇದನ್ನೇ ಬಳಸಿದರು.

ವ್ಯುತ್ಪತ್ತಿಯ ಬಗ್ಗೆ ಊಹಾಪೋಹಗಳಿಗೆ ಬರವಿಲ್ಲ. ಗ್ರೀಕ್, ಸ್ಕಾಟಿಷ್, ಪಶ್ಚಿಮ ಆಫ್ರಿಕದ ಭಾಷೆಗಳು, ಎಲ್ಲಕ್ಕೂ ವಾದಿಸುವವರಿದ್ದಾರೆ. ಚಾಕ್ಟಾ ಎಂಬ ಮೂಲನಿವಾಸಿಗಳ ಮಾತಿನಿಂದ ಬಂತೆಂದು ನಂಬಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಇದನ್ನು 'ಓಕೆಹ್' ಎಂದೇ ಬರೆಯುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಆಲನ್ ವಾಕರ್ ರೀಡ್ 1963-64ರಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿ, ಬಾಸ್ಟನ್ ಮೂಲವನ್ನು ಪುರಾವೆಸಹಿತ ಮುಂದಿಟ್ಟರು. ಉಳಿದ ವಾದಗಳಿಗೆ ಇಷ್ಟು ಗಟ್ಟಿ ಆಧಾರವಿಲ್ಲ.

ಇಂಗ್ಲಿಷಿನಲ್ಲಿ ಇದು ನಾಮಪದ, ಕ್ರಿಯಾಪದ, ವಿಶೇಷಣ, ಉದ್ಗಾರ ಎಲ್ಲವೂ ಹೌದು. ಹೊಗಳಿಕೆಯಂತೂ ಅಲ್ಲ: ಸಿನಿಮಾ ಹೇಗಿತ್ತು ಎಂದಾಗ 'ಓಕೆ' ಎಂದರೆ ಪರವಾಗಿಲ್ಲ, ಅಷ್ಟಕ್ಕಷ್ಟೆ ಎಂದರ್ಥ. ಕನ್ನಡದ ಆಡುಮಾತು ಇದಕ್ಕೆ ತನ್ನದೇ ಬಾಲ ಅಂಟಿಸಿದೆ: 'ಓಕೆನಾ?', 'ನಿಂಗೆ ಓಕೆ ಅಂದ್ರೆ ನಂಗೂ ಓಕೆ', 'ಲೋನ್ ಓಕೆ ಆಯ್ತಂತೆ'. ಆ ಲೋನಿನ ಕಡತದಲ್ಲಿ ಮಾತ್ರ 'ಮಂಜೂರು ಮಾಡಲಾಗಿದೆ' ಎಂದೇ ಇರುತ್ತದೆ.